ಮುಂದಿನ ಮಹಾಮಾರಿಗೆ ಮೊದಲು: ಮನೆಯ ಹಿರಿಯರ ಜೊತೆ ಕೂತು ಮಾಡಿಡಬೇಕಾದ ಕೆಲಸಗಳು

2021ರ ಏಪ್ರಿಲ್ ಕೊನೆಯ ವಾರ, ಕೋವಿಡ್ ಎರಡನೇ ಅಲೆಯ ಸಮಯ. ನಮ್ಮಪ್ಪನಿಗೆ ಆಗ 79 ವರ್ಷ. ಒಂದು ಬೆಳಿಗ್ಗೆ ಬೆಂಗಳೂರಿನ ಶ್ರೀನಗರದ ನಮ್ಮ ಮನೆಯಲ್ಲಿ ಅವರು ಎರಡು ಸಲ ಕಾಫಿ ಕೇಳಿದರು. ಆಗಲೇ ಕುಡಿದದ್ದು ನೆನಪಿರಲಿಲ್ಲ. ತಿಂಡಿ ಬೇಡ ಎಂದರು. ಮಧ್ಯಾಹ್ನ ಬಚ್ಚಲಲ್ಲಿ ಕಾಲು ಕುಸಿದು ಕೂತರು. ಜ್ವರ ಇರಲಿಲ್ಲ, ಕೆಮ್ಮೂ ಇರಲಿಲ್ಲ. ವಯಸ್ಸಾಯ್ತಲ್ಲ ಎಂದುಕೊಂಡು ನಾವು ಸುಮ್ಮನಾದೆವು. ಮರುದಿನ ಸಂಜೆ ಎದುರುಮನೆಯ ಹುಡುಗಿ ಬಂದಳು. ಅವಳು ನರ್ಸ್. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಆಕ್ಸಿಮೀಟರನ್ನು ಅಪ್ಪನ ಬೆರಳಿಗೆ ಸಿಕ್ಕಿಸಿದಳು. 86 ತೋರಿಸಿತು.

ಅಪ್ಪ ಉಳಿದರು. ಹದಿನಾರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆದರೆ ನಾವು ಕಳೆದ ಆ ಒಂದೂವರೆ ದಿನ ನನ್ನನ್ನು ಈಗಲೂ ಬಿಟ್ಟಿಲ್ಲ. ಆವತ್ತು ಗೊತ್ತಿದ್ದಿದ್ದರೆ ಎಂದು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇದರಲ್ಲಿ ಬಹಳಷ್ಟು ಕೆಲಸಗಳನ್ನು ಕಾಯಿಲೆ ಇಲ್ಲದಿರುವಾಗಲೇ ಮಾಡಬೇಕು. ಅಲೆ ಬಂದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

1. ಮೊದಲು ಅವರನ್ನೇ ಕೇಳಿ

ಕೋವಿಡ್ ಇದ್ದ ಆ ಎರಡು ವರ್ಷ ನಾವು ಹಿರಿಯರ ಬಗ್ಗೆ ತುಂಬ ಮಾತಾಡಿದೆವು. ಹಿರಿಯರ ಜೊತೆ ಮಾತಾಡಿದ್ದು ಕಮ್ಮಿ. ಹೊರಗೆ ಹೋಗಬೇಡಿ, ಅದನ್ನು ಮುಟ್ಟಬೇಡಿ, ಮೊಮ್ಮಗುವನ್ನು ಎತ್ತಿಕೊಳ್ಳಬೇಡಿ. ಎಲ್ಲವೂ ಅಪ್ಪಣೆಗಳೇ. ನಲವತ್ತು ವರ್ಷ ಸಂಸಾರ ನಡೆಸಿದವರಿಗೆ ಇದು ಎಷ್ಟು ನೋಯುತ್ತದೆ ಅಂತ ನಮಗೆ ಹೊಳೆಯಲೇ ಇಲ್ಲ.

ಒಂದು ಭಾನುವಾರ ಊಟ ಆದ ಮೇಲೆ ಕೂತುಕೊಳ್ಳಿ. ಇಷ್ಟು ಕೇಳಿ. ಹುಷಾರಿಲ್ಲದಾಗ ಯಾವ ಡಾಕ್ಟರ್ ಮಾತು ನಂಬುತ್ತೀರಿ? ಯಾವ ಆಸ್ಪತ್ರೆಗೆ ಹೋಗಲು ಇಷ್ಟ? ನಿಮಗೆ ಮಾತಾಡಲು ಆಗದಿದ್ದರೆ ನಿಮ್ಮ ಪರವಾಗಿ ಯಾರು ತೀರ್ಮಾನ ಮಾಡಬೇಕು? ವೆಂಟಿಲೇಟರ್ ಹಾಕಬೇಕಾಗಿ ಬಂದರೆ ನಿಮ್ಮ ಮನಸ್ಸಲ್ಲಿ ಏನಿದೆ? ಕೊನೆಯ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ, ನನಗೆ ಗೊತ್ತು. ನಾನು ಕೇಳಿದಾಗ ಅಪ್ಪ ನಕ್ಕು, "ಇಷ್ಟು ದಿನ ಯಾಕೆ ಕೇಳಲಿಲ್ಲ ಅಂತಿದ್ದೆ" ಎಂದರು. ಅವರು ಎಲ್ಲ ಯೋಚಿಸಿಟ್ಟಿದ್ದರು.

ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಬೇರೆ ಊರಲ್ಲಿದ್ದರೆ ಅವರನ್ನೂ ಫೋನಿನಲ್ಲಿ ಸೇರಿಸಿಕೊಳ್ಳಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಒಡಹುಟ್ಟಿದವರು ಜಗಳ ಆಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

2. ಒಂದು ಹಾಳೆ, ಒಂದು ಚೀಲ

ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಹೆಸರು, ವಯಸ್ಸು, ರಕ್ತದ ಗುಂಪು. ಬಿಪಿ, ಶುಗರ್, ಹೃದಯ, ಕಿಡ್ನಿ, ಏನೇನು ತೊಂದರೆ ಇದೆಯೋ ಅದು. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ. ಯಾವ ಔಷಧಿ ಆಗುವುದಿಲ್ಲ. ಯಾವ ಲಸಿಕೆ ಯಾವಾಗ ಆಗಿದೆ. ಇಬ್ಬರ ಫೋನ್ ನಂಬರ್. ಇದರ ಮೂರು ಪ್ರತಿ ಮಾಡಿ. ಒಂದು ಫ್ರಿಜ್ಜಿನ ಬಾಗಿಲಿಗೆ, ಒಂದು ಚೀಲಕ್ಕೆ, ಒಂದು ಪಕ್ಕದ ಮನೆಗೆ. ಫೋಟೊ ತೆಗೆದು ಮನೆಯ ಎಲ್ಲರ ಮೊಬೈಲಿಗೂ ಕಳಿಸಿ.

ಚೀಲದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅಪ್ಪನನ್ನು ಸೇರಿಸುವಾಗ ನಾವು ಆಧಾರ್ ಕಾರ್ಡು, ಇನ್ಶೂರೆನ್ಸ್ ಕಾಗದ, ಹಣ ಎಲ್ಲ ತೆಗೆದುಕೊಂಡೆವು. ಕಿವಿ ಮಿಷನ್ ಮೇಜಿನ ಮೇಲೇ ಉಳಿಯಿತು. ಮಾಸ್ಕ್ ಹಾಕಿದವರ ತುಟಿ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಕೇಳಿದ್ದಕ್ಕೆಲ್ಲ ಅಪ್ಪ ಹೂಂ ಎಂದರು. ಮರೆವು ಇದೆ ಎಂದು ಅವರ ಚೀಟಿಯಲ್ಲಿ ಬರೆದುಬಿಟ್ಟಿದ್ದರು. ಎರಡು ದಿನ ನಮಗೆ ಒಳಗಿನ ಸುದ್ದಿಯೇ ಬರಲಿಲ್ಲ. ಕೊನೆಗೆ ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬರು ಕಿವಿ ಮಿಷನ್ ಒಳಗೆ ತಲುಪಿಸಿದರು. ಆ ರಾತ್ರಿ ಅಪ್ಪ ತಾವೇ ಫೋನ್ ಮಾಡಿದರು.

ಆದ್ದರಿಂದ ಚೀಲದಲ್ಲಿ ಇರಬೇಕಾದದ್ದು: ಕಿವಿ ಮಿಷನ್ ಮತ್ತು ಅದರ ಬ್ಯಾಟರಿ, ಕನ್ನಡಕ, ಹಲ್ಲುಸೆಟ್ಟಿನ ಡಬ್ಬಿ, ಬಟನ್ ಇರುವ ಸಾದಾ ಫೋನು, ಉದ್ದ ವೈರಿನ ಚಾರ್ಜರ್, ಒಂದು ವಾರದ ಮಾತ್ರೆ, ಎರಡು ಜೊತೆ ಬಟ್ಟೆ, ಟವೆಲ್ಲು, ಜಾರದ ಚಪ್ಪಲಿ, ಸ್ಟೀಲ್ ಲೋಟ, ಹಳೆಯ ಡಿಸ್ಚಾರ್ಜ್ ಸಮ್ಮರಿ ಮತ್ತು ಇಸಿಜಿ ಪ್ರತಿ. ಅಂಗಿಯ ಜೇಬಿಗೆ ಒಂದು ಕಾರ್ಡು ಹಾಕಿ. "ಇವರಿಗೆ ಕಿವಿ ಮಂದ. ಬಲಗಡೆ ನಿಂತು ಕನ್ನಡದಲ್ಲಿ ನಿಧಾನವಾಗಿ ಮಾತಾಡಿ. ಮನೆಯಲ್ಲಿ ಇವರು ದಿನಾ ಪೇಪರ್ ಓದುತ್ತಾರೆ." ಕೊನೆಯ ಸಾಲು ಮುಖ್ಯ. ಅದನ್ನು ಓದಿದ ನರ್ಸಿಗೆ ಈ ರೋಗಿ ಹೋದ ವಾರದವರೆಗೂ ಹೇಗಿದ್ದರು ಎಂದು ಗೊತ್ತಾಗುತ್ತದೆ.

3. ಔಷಧಿ ಮತ್ತು ಸಾಮಾನು

ದಿನದ ಮಾತ್ರೆಗಳು ಒಂದು ತಿಂಗಳಿಗೆ ಆಗುವಷ್ಟು ಯಾವಾಗಲೂ ಇರಲಿ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಮೆಡಿಕಲ್ ಸ್ಟೋರುಗಳು ತೆರೆದೇ ಇದ್ದವು. ಆದರೂ ಕೆಲವು ಮಾತ್ರೆಗಳಿಗೆ ನಾಲ್ಕೈದು ಅಂಗಡಿ ಅಲೆಯಬೇಕಾಯಿತು. ದುಬಾರಿ ಅನ್ನಿಸಿದರೆ ಜನೌಷಧಿ ಕೇಂದ್ರದಲ್ಲಿ ಕೇಳಿ. ಭಯದಿಂದ ಆರು ತಿಂಗಳ ಮಾತ್ರೆ ಕೂಡಿಡುವುದು ಮಾತ್ರ ಬೇಡ. ಇನ್ನೊಬ್ಬರ ಅಜ್ಜಿಗೆ ಅದು ಸಿಗದೆ ಹೋಗುತ್ತದೆ.

ಬಿಪಿ ಮಿಷನ್, ಶುಗರ್ ಮಿಷನ್, ಥರ್ಮಾಮೀಟರ್, ಆಕ್ಸಿಮೀಟರ್. ನಾಲ್ಕೂ ಒಂದೇ ಡಬ್ಬಿಯಲ್ಲಿರಲಿ, ಜೊತೆಗೆ ಒಂದು ನೋಟ್‌ಬುಕ್ಕು. ಹಿರಿಯರು ಆರೋಗ್ಯವಾಗಿರುವಾಗಲೇ ಒಂದು ವಾರ ದಿನಾ ನೋಡಿ ಬರೆದಿಡಿ. ಅವರ ಮಾಮೂಲಿ ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, ಎಷ್ಟು ಎಂದು ಗೊತ್ತಿದ್ದರೆ ಇಳಿದಾಗ ತಕ್ಷಣ ತಿಳಿಯುತ್ತದೆ.

4. ಲಸಿಕೆ

ನಮ್ಮ ದೇಶದಲ್ಲಿ ಕೋವಿಡ್ ಲಸಿಕೆ ಶುರುವಾಗಿದ್ದು 2021ರ ಜನವರಿ 16ರಂದು. 60 ದಾಟಿದವರ ಸರದಿ ಮಾರ್ಚ್ 1ಕ್ಕೆ ಬಂತು. ನಮ್ಮಪ್ಪ ಮೊದಲ ಡೋಸ್ ಹಾಕಿಸಿಕೊಂಡಿದ್ದರು. ಅಷ್ಟಾದರೂ ಆಗಿತ್ತಲ್ಲ ಎಂದು ಈಗಲೂ ಸಮಾಧಾನ. ಹೊಸ ಕಾಯಿಲೆಗೆ ಲಸಿಕೆ ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಬಿಡಬೇಡಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಬೇಕು. ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆಯ ಬಗ್ಗೆಯೂ ನಿಮ್ಮ ಡಾಕ್ಟರನ್ನು ಕೇಳಿ.

5. ಮನೆಯೊಳಗೆ ಗಾಳಿ ಆಡಲಿ

ಇದು ಬೆಂಗಳೂರಿಗೆ ಹೊಸ ಪಾಠ ಏನಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸತ್ತರು, ಎಷ್ಟೋ ಮಂದಿ ಊರು ಬಿಟ್ಟರು. ಆ ಹೊತ್ತಿನಲ್ಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಗಲ ರಸ್ತೆ, ಮನೆ ಮನೆಯ ನಡುವೆ ಜಾಗ, ಹಿಂದೆ ಓಣಿ. ಗಾಳಿ ಬೆಳಕು ಬೇಕು ಎಂದೇ ಹಾಗೆ ಕಟ್ಟಿದ್ದು. ಪ್ಲೇಗ್ ಮಾರಮ್ಮನ ಗುಡಿಗಳು ಊರಲ್ಲಿ ಇವತ್ತಿಗೂ ಇವೆ. ನಾವು ಅದೇ ಬಡಾವಣೆಗಳಲ್ಲಿ ಈಗ ಗೋಡೆಗೆ ಗೋಡೆ ತಾಗಿಸಿ ಕಟ್ಟಿ, ಸೊಳ್ಳೆ ಬರುತ್ತೆ ಎಂದು ಕಿಟಕಿ ಮುಚ್ಚಿ ಕೂತಿದ್ದೇವೆ.

ಉಸಿರಿನಿಂದ ಹರಡುವ ಕಾಯಿಲೆಗೆ ಮುಚ್ಚಿದ ಕೋಣೆ ಅಂದರೆ ಹಬ್ಬ. ಎದುರು ಬದರು ಎರಡು ಕಿಟಕಿ ತೆರೆಯಿರಿ. ಸೊಳ್ಳೆಗೆ ಜಾಲರಿ ಹಾಕಿಸಿ. ಒಂದೇ ಕಿಟಕಿ ಇದ್ದರೆ ಅದರ ಹತ್ತಿರ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಡಿ, ಬಾಗಿಲು ತೆರೆದಿಡಿ. ಯಾರಾದರೂ ನೋಡಲು ಬಂದರೆ ವರಾಂಡದಲ್ಲಿ ಅಥವಾ ಟೆರೇಸಿನ ಮೇಲೆ ಕೂರಿಸಿ. ಹೊರಗೆ ದುಡಿಯಲು ಹೋಗುವವರು ಮನೆಯಲ್ಲಿದ್ದರೆ ಅಲೆಯ ಸಮಯದಲ್ಲಿ ಹಿರಿಯರ ಹತ್ತಿರ ಹೋಗುವಾಗ ಅವರೇ ಎನ್95 ಹಾಕಿಕೊಳ್ಳಲಿ. ಅರ್ಧ ಹೊತ್ತು ಉಸಿರುಕಟ್ಟುವ ಮಾಸ್ಕನ್ನು ಹಿರಿಯರ ಮುಖಕ್ಕೆ ಕಟ್ಟಿ ನಾವು ಬರಿಮೂತಿಯಲ್ಲಿ ಓಡಾಡುವುದು ನ್ಯಾಯ ಅಲ್ಲ. ಕೈಯನ್ನು ಸೋಪು ಹಾಕಿ ಇಪ್ಪತ್ತು ಸೆಕೆಂಡ್ ತೊಳೆಯುವುದು ಎಲ್ಲರಿಗೂ ಗೊತ್ತು.

ಒಂದೇ ಕೋಣೆಯ ಶೀಟಿನ ಮನೆಯಲ್ಲಿ ಆರು ಜನ ಇರುವವರಿಗೆ ಪ್ರತ್ಯೇಕ ರೂಮು ಎಂದು ಹೇಳಿದರೆ ಅರ್ಥವಿಲ್ಲ. ಅಂಥವರಿಗೆ ಬೀದಿಯವರು ದಾರಿ ಮಾಡಬೇಕು. ಅದನ್ನು ಮುಂದೆ ಹೇಳುತ್ತೇನೆ.

6. ಕಾಯಿಲೆ ಬಂದಿದೆ ಎಂದು ಗುರುತಿಸುವುದು

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ.

ವಯಸ್ಸಾದವರ ಮೈ ಕಾಯಿಲೆಗೆ ನಮ್ಮ ಹಾಗೆ ಪ್ರತಿಕ್ರಿಯಿಸುವುದಿಲ್ಲ. ಸೋಂಕು ಜೋರಾಗಿದ್ದರೂ ಜ್ವರ ಬಾರದೇ ಇರಬಹುದು. ಬದಲಿಗೆ ಇವು ಬರುತ್ತವೆ: ಇದ್ದಕ್ಕಿದ್ದಂತೆ ಗೊಂದಲ, ಹೊತ್ತು ಗೊತ್ತು ತಿಳಿಯದಿರುವುದು, ಸುಮ್ನೆ ಮಲಗಿಯೇ ಇರುವುದು, ಬೀಳುವುದು, ಊಟ ನೀರು ಬೇಡ ಎನ್ನುವುದು, ಬಟ್ಟೆಯಲ್ಲೇ ಮೂತ್ರ ಹೋಗುವುದು. ನಿನ್ನೆ ಇಲ್ಲದ್ದು ಇವತ್ತು ಬಂದಿದ್ದರೆ ಅದಕ್ಕೆ ವಯಸ್ಸು ಕಾರಣ ಅಲ್ಲ. ವಯಸ್ಸು ಒಂದೇ ರಾತ್ರಿಯಲ್ಲಿ ಆಗುವುದಿಲ್ಲ ಅಲ್ವಾ? ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ಆಕ್ಸಿಮೀಟರ್ ನೋಡುವ ಮೊದಲು ಅವರು ಐದು ನಿಮಿಷ ಕೂತು ಸುಧಾರಿಸಿಕೊಳ್ಳಲಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಉಗುರಿನ ಬಣ್ಣ ಅಥವಾ ಮದರಂಗಿ ಇದ್ದರೆ ಬೇರೆ ಬೆರಳು ಹಿಡಿಯಿರಿ. ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. ಕೋವಿಡ್ ಕಾಲದಲ್ಲಿ ಡಾಕ್ಟರುಗಳು ಇಟ್ಟುಕೊಂಡ ಲೆಕ್ಕ ಹೀಗಿತ್ತು. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ಫೋನ್ ಮಾಡಬೇಕು. 90ಕ್ಕೆ ಇಳಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಿಗೆ ಈ ಅಂಕಿ ಬೇರೆ ಇರಬಹುದು, ಮೊದಲೇ ಕೇಳಿಟ್ಟುಕೊಳ್ಳಿ. ಮಿಷನ್ ಇಲ್ಲದಿದ್ದರೆ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 24ಕ್ಕಿಂತ ಜಾಸ್ತಿ ಆದರೆ ಅದು ಎಚ್ಚರಿಕೆ. ಆಕ್ಸಿಜನ್ ಇಳಿದಿದ್ದರೂ ಉಸಿರು ಕಟ್ಟಿದ ಹಾಗೆ ಅನ್ನಿಸದೆ ಇರಬಹುದು. ನಮ್ಮಪ್ಪ 86ರಲ್ಲೂ "ಏನೂ ಇಲ್ಲ ಬಿಡಮ್ಮ" ಎನ್ನುತ್ತಿದ್ದರು.

ಆಂಬ್ಯುಲೆನ್ಸಿಗೆ 108. ಅದು ಬರುವವರೆಗೆ ಬೋರಲಾಗಿ ಮಲಗಿಸಿದರೆ ಅನುಕೂಲ ಆಗಬಹುದು. ಕುತ್ತಿಗೆ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೆರಡು, ಮೊಣಕಾಲು ಮತ್ತು ಪಾದದ ನಡುವಿನ ಭಾಗದ ಕೆಳಗೆ ಎರಡು. ಊಟ ಆಗಿ ಒಂದು ಗಂಟೆಯೊಳಗೆ ಬೇಡ. ಹೃದಯದ ದೊಡ್ಡ ತೊಂದರೆ, ಬೆನ್ನುಮೂಳೆ ಅಥವಾ ಸೊಂಟದ ಮುರಿತ ಇರುವವರಿಗೂ ಬೇಡ. ಬೋರಲು ಆಗದವರನ್ನು ಮಗ್ಗುಲಿಗೆ ತಿರುಗಿಸಿ, ಇಲ್ಲವೇ ದಿಂಬು ಒರಗಿಸಿ ಕೂರಿಸಿ.

ಮಾಡಬಾರದ್ದೂ ಇದೆ. ಬಿಪಿ, ಶುಗರ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಪಕ್ಕದ ಮನೆಯವರಿಗೆ ಬರೆದ ಸ್ಟೀರಾಯ್ಡ್ ತಂದು ಕೊಡಬೇಡಿ. ಆಕ್ಸಿಜನ್ ಬೇಕಾದಷ್ಟು ಕಾಯಿಲೆ ಜೋರಾದವರಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು 2020ರಲ್ಲಿ ಗೊತ್ತಾಯಿತು. ಆದರೆ ಅಷ್ಟು ಜೋರಿಲ್ಲದವರೂ ತಾವೇ ನುಂಗಲು ಶುರುಮಾಡಿದರು. ಸ್ಟೀರಾಯ್ಡ್ ಶುಗರ್ ಏರಿಸುತ್ತದೆ. 2021ರ ಬೇಸಿಗೆಯಲ್ಲಿ ಬ್ಲ್ಯಾಕ್ ಫಂಗಸ್ ಎಂಬ ಶಿಲೀಂಧ್ರದ ಸೋಂಕು ಅಷ್ಟು ಜನರನ್ನು ಕಾಡಲು ಏರಿದ ಶುಗರ್ ಮತ್ತು ಸ್ಟೀರಾಯ್ಡ್ ದೊಡ್ಡ ಕಾರಣ. ಇನ್ನು ಬಿಸಿನೀರಿನ ಹಬೆ. ಕೈ ನಡುಗುವವರ ಮುಂದೆ ಕುದಿಯುವ ಪಾತ್ರೆ ಇಡಬೇಡಿ. ಸುಟ್ಟುಕೊಂಡರೆ ಎರಡನೇ ಸಂಕಟ.

7. ಬೀದಿಗೊಂದು ಪಟ್ಟಿ

ಭಾರತದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರು ಕಲಬುರಗಿಯ 76 ವರ್ಷದ ಹಿರಿಯರು, 2020ರ ಮಾರ್ಚ್ 10ರಂದು. ಆಮೇಲೂ ಸತ್ತವರಲ್ಲಿ ದೊಡ್ಡ ಪಾಲು 60 ದಾಟಿದವರದು. ಮಕ್ಕಳು ವಿದೇಶದಲ್ಲಿ, ಇಲ್ಲಿ ಅಪ್ಪ ಅಮ್ಮ ಇಬ್ಬರೇ. ಇಂಥ ಮನೆ ಬೆಂಗಳೂರಿನ ಯಾವ ಬೀದಿಯಲ್ಲಿ ಇಲ್ಲ ಹೇಳಿ? ಮನೆಯವರಷ್ಟೇ ಇದನ್ನು ನಿಭಾಯಿಸಲು ಆಗುವುದಿಲ್ಲ.

ನಮ್ಮ ಬೀದಿಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. 38 ಮನೆ. 60 ದಾಟಿದವರ ಪಟ್ಟಿ ಮಾಡಿದೆವು. ಪ್ರತಿ ಆರೇಳು ಮನೆಗೆ ಇಬ್ಬರು ಜವಾಬ್ದಾರರು, ಒಬ್ಬರು ಹುಷಾರಿಲ್ಲದಿದ್ದರೆ ಇನ್ನೊಬ್ಬರು. ಒಂಟಿಯಾಗಿ ಇರುವವರ ಮನೆಯ ಒಂದು ಕೀಲಿಯನ್ನು ಅವರು ಒಪ್ಪಿದವರ ಹತ್ತಿರ ಇಟ್ಟೆವು.

ತುಂಬ ಕೆಲಸಕ್ಕೆ ಬಂದದ್ದು ಒಂದು ಸಣ್ಣ ಉಪಾಯ. ಹಾಲಿನ ಚೀಲ. ಬೆಳಿಗ್ಗೆ ಗೇಟಿಗೆ ತಗುಲಿಸಿದ ಚೀಲವನ್ನು ಎಂಟು ಗಂಟೆಯೊಳಗೆ ಒಳಗೆ ತೆಗೆದುಕೊಳ್ಳಬೇಕು. ಎಂಟಾದರೂ ಚೀಲದಲ್ಲಿ ಹಾಲು ಹಾಗೇ ಇದ್ದರೆ ಎದುರು ಮನೆಯವರು ಫೋನ್ ಮಾಡಬೇಕು. ಎತ್ತದಿದ್ದರೆ ಬಾಗಿಲು ತಟ್ಟಬೇಕು. ಆ್ಯಪ್ ಬೇಡ, ಸ್ಮಾರ್ಟ್‌ಫೋನ್ ಬೇಡ. ಕೊನೆ ಮನೆಯ ಅಜ್ಜಿ ರಾತ್ರಿ ಬಿದ್ದು ಏಳಲಾಗದೆ ಇದ್ದದ್ದು ಹೀಗೇ ಗೊತ್ತಾಯಿತು.

ಈ ಪಟ್ಟಿಯಲ್ಲಿ ಮನೆಕೆಲಸದವರು, ವಾಚ್‌ಮನ್, ಇಸ್ತ್ರಿ ಅಂಗಡಿಯವರು, ತಳ್ಳುಗಾಡಿಯವರು ಇರಲೇಬೇಕು. ಅವರ ಮನೆಯಲ್ಲೂ ವಯಸ್ಸಾದ ಅಮ್ಮ ಇರುತ್ತಾರೆ. ಕೆಲಸಕ್ಕೆ ಬರಬೇಡಿ ಎಂದ ತಿಂಗಳ ಸಂಬಳವನ್ನು ಪೂರ್ತಿ ಕೊಡಿ. ಸಂಬಳ ಇಲ್ಲ ಎಂದಾದರೆ ಜ್ವರ ಮುಚ್ಚಿಟ್ಟುಕೊಂಡು ಕೆಲಸಕ್ಕೆ ಬರುವ ಹಾಗೆ ನಾವೇ ಮಾಡಿದಂತೆ. ಒಂದೇ ಕೋಣೆಯ ಮನೆಯವರಿಗೆ ಬೀದಿಯಲ್ಲಿ ಖಾಲಿ ಇರುವ ಮನೆಯನ್ನೋ ಸಮುದಾಯ ಭವನದ ಕೋಣೆಯನ್ನೋ ಕೊಡಿಸಲು ಆಗುತ್ತದಾ ನೋಡಿ. ಮಾಲೀಕರ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ.

ಕಾಯಿಲೆ ಬಂದ ಮನೆಯನ್ನು ದೂರ ಮಾಡಬೇಡಿ. 2020ರ ಜುಲೈನಲ್ಲಿ ದೊಮ್ಮಲೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆಗಳ ಬಾಗಿಲಿಗೆ ಪಾಲಿಕೆಯವರು ಅಡ್ಡಲಾಗಿ ತಗಡು ಬಡಿದರು. ಒಂದರಲ್ಲಿ ವಯಸ್ಸಾದ ದಂಪತಿ ಇದ್ದರು. ಬೆಂಕಿ ಹತ್ತಿಕೊಂಡಿದ್ದರೆ ಏನು ಗತಿ? ಜನ ಕೇಳಿದ ಮೇಲೆ ತಗಡು ತೆಗೆದು ಕ್ಷಮೆ ಕೇಳಿದರು. ಭಯ ನಮ್ಮಿಂದ ಏನು ಮಾಡಿಸುತ್ತದೆ ಎಂದು ಇದನ್ನು ನೆನಪಿಟ್ಟುಕೊಳ್ಳಬೇಕು. ಬಾಗಿಲ ಹೊರಗೆ ಸ್ಟೂಲ್ ಹಾಕಿ, ಅದರ ಮೇಲೆ ಬಿಸಿ ಸಾರು ಅನ್ನ ಇಟ್ಟು, ಬೆಲ್ ಒತ್ತಿ, ಆರಡಿ ದೂರ ನಿಂತು ಎರಡು ಮಾತಾಡಿ ಬನ್ನಿ.

8. ಒಂಟಿತನಕ್ಕೆ ಏನು ಮಾಡುವುದು

ಲಾಕ್‌ಡೌನಿನಲ್ಲಿ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಮುಚ್ಚಿದ್ದವು. ಬೆಳಗಿನ ವಾಕಿಂಗ್ ನಿಂತಿತು. ವಾಕಿಂಗ್ ಜೊತೆಗೆ ಕಲ್ಲುಬೆಂಚು, ಹರಟೆ, ದರ್ಶಿನಿಯ ಬೈಟೂ ಕಾಫಿ ಎಲ್ಲ ನಿಂತವು. ಯುವಕರಿಗೆ ಕಂಪ್ಯೂಟರಿನಲ್ಲಿ ಆಫೀಸ್ ಇತ್ತು. ಹಿರಿಯರಿಗೆ ಟಿವಿಯಲ್ಲಿ ಸಾವಿನ ಲೆಕ್ಕ ಮಾತ್ರ ಇತ್ತು.

ಟಿವಿ ಸುದ್ದಿ ದಿನಕ್ಕೆ ಒಂದೇ ಸಲ ಸಾಕು. ಸಂಜೆ ಇಂಥದೇ ಹೊತ್ತಿಗೆ ಫೋನ್ ಮಾಡಿ. ಹೊತ್ತು ನಿಗದಿ ಇದ್ದರೆ ಅವರು ಕಾಯುತ್ತಾರೆ, ಕಾಯಲು ಏನಾದರೂ ಇರುವುದೇ ಒಂದು ಆಸರೆ. "ಊಟ ಆಯ್ತಾ, ಮಾತ್ರೆ ಆಯ್ತಾ" ಎಂದು ಹಾಜರಿ ತೆಗೆದುಕೊಂಡು ಇಟ್ಟುಬಿಡಬೇಡಿ. ಗೊಜ್ಜಿಗೆ ಬೆಲ್ಲ ಎಷ್ಟು ಹಾಕಬೇಕು ಎಂದು ಕೇಳಿ. ಮಗುವಿಗೆ ಮಗ್ಗಿ ಹೇಳಿಕೊಡಲು ಹೇಳಿ.

ಅವರಿಗೆ ಕೆಲಸ ಕೊಡಿ, ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಬೀದಿಯ ಪಟ್ಟಿಯನ್ನು ನೋಡಿಕೊಂಡವರು 74 ವರ್ಷದ ನಿವೃತ್ತ ಟೀಚರ್. ಮನೆಯಿಂದ ಹೊರಗೆ ಕಾಲಿಡದೆ, ಲ್ಯಾಂಡ್‌ಲೈನ್ ಹಿಡಿದು, ದಿನಾ ಹತ್ತು ಮನೆಗೆ ಫೋನ್ ಮಾಡುತ್ತಿದ್ದರು. ಯಾರ ಮಾತ್ರೆ ಮುಗಿದಿದೆ, ಯಾರ ದನಿ ಸಪ್ಪಗಿದೆ ಎಂದು ನಮಗೆ ತಿಳಿಸುತ್ತಿದ್ದರು. ಎಂಟು ಗಂಟೆಗೆ ಹಾಲಿನ ಚೀಲ ನೋಡುವುದು ಅವರದೇ ಯೋಚನೆ.

ಮೈ ಆಡಿಸುವುದು ನಿಲ್ಲಬಾರದು. ಟೆರೇಸಿನಲ್ಲೋ ನಡುಮನೆಯಲ್ಲೋ ಹತ್ತತ್ತು ನಿಮಿಷ, ದಿನಕ್ಕೆ ಮೂರು ಸಲ ನಡೆಯಲಿ. ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ ಮಾಡಲಿ.

ಮನಸ್ಸು ತೀರಾ ಕುಗ್ಗಿದರೆ, ನಿದ್ದೆ ಬಾರದೆ "ಬದುಕಿ ಏನಾಗಬೇಕು" ಎನ್ನುವ ಮಾತು ಬಂದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನಲ್ಲಿ ಹಿರಿಯರ ಸಹಾಯವಾಣಿ 1090 ಪೊಲೀಸರ ಜೊತೆಗೂಡಿ 2002ರಲ್ಲಿ ಶುರುವಾದದ್ದು. ದೇಶಕ್ಕೆಲ್ಲ ಒಂದೇ ಆದ ಹಿರಿಯರ ಸಹಾಯವಾಣಿ 14567. ಮನೆಯವರಿಂದಲೇ ಬೈಗುಳ, ಹೊಡೆತ, ಆಸ್ತಿಗೆ ಒತ್ತಾಯ ನಡೆಯುತ್ತಿದ್ದರೂ ಈ ನಂಬರುಗಳಿಗೆ ಹೇಳಬಹುದು. ಬಾಗಿಲು ಮುಚ್ಚಿದ ಕಾಲದಲ್ಲಿ ಅದೂ ಜಾಸ್ತಿ ಆಗುತ್ತದೆ.

9. ಹಣಕಾಸು

ಪಿಂಚಣಿಯವರು ನವೆಂಬರಿನಲ್ಲಿ ಕೊಡುವ ಜೀವನ ಪ್ರಮಾಣಪತ್ರಕ್ಕೆ ಬ್ಯಾಂಕಿನ ಕ್ಯೂನಲ್ಲಿ ನಿಲ್ಲಬೇಕಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಕೊಡಬಹುದು, ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. 70 ದಾಟಿದವರಿಗೆ ಮನೆ ಬಾಗಿಲಿಗೆ ಬ್ಯಾಂಕ್ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ನಿಮ್ಮ ಶಾಖೆಯಲ್ಲಿ ಕೇಳಿ. ಒಟಿಪಿ ಯಾರಿಗೂ ಹೇಳಬಾರದು. 2021ರಲ್ಲಿ ಆಕ್ಸಿಜನ್ ಸಿಲಿಂಡರ್, ಇಂಜೆಕ್ಷನ್ ಕೊಡಿಸುತ್ತೇವೆ ಎಂದು ಮುಂಗಡ ದುಡ್ಡು ಹಾಕಿಸಿಕೊಂಡು ಮಾಯವಾದವರು ಬಹಳ. ಕಂಗಾಲಾದಾಗ ಬುದ್ಧಿ ಓಡುವುದಿಲ್ಲ. ಅದಕ್ಕೇ ದುಡ್ಡು ಕಳಿಸುವ ಮೊದಲು ಇನ್ನೊಬ್ಬರಿಗೆ ಫೋನ್ ಮಾಡಿ ಹೇಳುವುದು ಎಂದು ಮನೆಯಲ್ಲಿ ಒಂದು ಕಟ್ಟಳೆ ಮಾಡಿ.

10. ಯಾರಾದರೂ ಹೋದರೆ

ಆ ಬೇಸಿಗೆಯಲ್ಲಿ ವಿಲ್ಸನ್ ಗಾರ್ಡನ್, ಸುಮನಹಳ್ಳಿ ಚಿತಾಗಾರಗಳ ಮುಂದೆ ಆಂಬ್ಯುಲೆನ್ಸುಗಳು ಸಾಲು ನಿಂತಿದ್ದವು. ಮುಖ ನೋಡದೆ ಕಳಿಸಿಕೊಟ್ಟವರ ಎದೆಯಲ್ಲಿ ಆ ಭಾರ ಇನ್ನೂ ಇದೆ. ವಯಸ್ಸಾದವರು ಐವತ್ತು ವರ್ಷದ ಜೊತೆಗಾರರನ್ನು ಹಾಗೆ ಕಳೆದುಕೊಂಡರು. ಅವರೇ ಆಸ್ಪತ್ರೆಯಲ್ಲಿದ್ದಾಗ ಸುದ್ದಿ ಮುಚ್ಚಿಟ್ಟ ಮನೆಗಳೂ ಇದ್ದವು. ನನ್ನ ಅನಿಸಿಕೆ ಇಷ್ಟೇ. ಡಾಕ್ಟರನ್ನು ಕೇಳಿ, ಅವರು ಸ್ವಲ್ಪ ಸುಧಾರಿಸಿದ ಕೂಡಲೇ, ಹತ್ತಿರದವರು ಕೈ ಹಿಡಿದು ಹೇಳಿ. ಅವರಿಗೆ ಅಳುವ ಹಕ್ಕು ಇದೆ.

ಹದಿಮೂರನೇ ದಿನ ಜನ ಸೇರಲಾಗದಿದ್ದರೆ ವರ್ಷಾಬ್ದಿಕಕ್ಕೆ ಸೇರಿ. ಅಲ್ಲಿಯವರೆಗೆ ಸಂಬಂಧಿಕರು ದಿನಕ್ಕೊಬ್ಬರಂತೆ ಫೋನ್ ಮಾಡಿ, ಹೋದವರ ಬಗ್ಗೆ ಒಂದೊಂದು ನೆನಪು ಹೇಳಿ. ಎದುರು ಬೀದಿಯ ಒಬ್ಬರು ತಾತನಿಗೆ ಮಕ್ಕಳು ಹೀಗೆ ಮಾಡಿದರು. ಅವರು ಪ್ರತಿ ಫೋನಿನ ನಂತರ ಒಂದು ಪುಸ್ತಕದಲ್ಲಿ ಬರೆದಿಟ್ಟರು.

11. ವಾಸಿಯಾದ ಮೇಲೆ

ಟೆಸ್ಟ್ ನೆಗೆಟಿವ್ ಬಂತು ಎಂದು ಮುಗಿಯುವುದಿಲ್ಲ. ವಯಸ್ಸಾದವರು ಕೆಲವೇ ದಿನ ಹಾಸಿಗೆ ಹಿಡಿದರೂ ತೊಡೆಯ ಬಲ ಬೇಗ ಕರಗುತ್ತದೆ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬೇಳೆ, ಮೊಳಕೆ ಹುರುಳಿ, ಮೊಸರು. ಕಿಡ್ನಿ ತೊಂದರೆ ಇದ್ದರೆ ಎಷ್ಟು ಎಂದು ಡಾಕ್ಟರನ್ನು ಕೇಳಿ. ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಕೊಟ್ಟಿದ್ದರೆ ಶುಗರ್ ಆಗಾಗ ನೋಡಿ. ಮುಖದ ಒಂದು ಬದಿ ನೋವು, ಕಣ್ಣು ಊತ, ಮೂಗಿನಿಂದ ಕಪ್ಪು ಸಿಂಬಳ ಕಂಡರೆ ಅದು ಬ್ಲ್ಯಾಕ್ ಫಂಗಸ್ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ಒಂದು ಸಣ್ಣ ದೀಪ ಇರಲಿ. ಮರೆವು, ಸುಸ್ತು ಮೂರು ತಿಂಗಳಾದರೂ ಹೋಗದಿದ್ದರೆ ಮತ್ತೆ ತೋರಿಸಿ.

ಅಪ್ಪ ಮನೆಗೆ ಬಂದ ಮೊದಲ ದಿನ ಮಂಚದಿಂದ ಬಾಗಿಲವರೆಗೆ ಹನ್ನೊಂದು ಹೆಜ್ಜೆ ಇಟ್ಟರು. ನೋಟ್‌ಬುಕ್ಕಿನಲ್ಲಿ ಸ್ಯಾಚುರೇಷನ್ ಪಕ್ಕದಲ್ಲಿ ಅದನ್ನೂ ಬರೆದೆ. ದಿನಾ ಎರಡು ಹೆಜ್ಜೆ ಜಾಸ್ತಿ ಮಾಡಿದೆವು. ಗೇಟಿನವರೆಗೆ ಬರಲು ಮೂರು ವಾರ ಹಿಡಿಯಿತು. ಆ ಬೆಳಿಗ್ಗೆ ಹಾಲಿನ ಚೀಲವನ್ನು ಅವರೇ ಒಳಗೆ ತಂದರು.